ಚಪ್ಪಾಳೆಗೆ ಕಾದ ಅಭ್ಯರ್ಥಿ

ಇಂದು ಬೆಳಿಗ್ಗೆ ಕಾಫಿ ಕುಡಿಯುತ್ತಾ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ರಿಪಬ್ಲಿಕನ್ ಪಕ್ಷದ ಅಭ್ಯರ್ಥಿಯಾಗಲು ಹೊರಟಿದ್ದ ಜೆಬ್ ಬುಷ್ ಅವರ ಹಳೆಯ ವಿಡಿಯೊ ಒಂದನ್ನು ಮತ್ತೆ ನೋಡಿದೆ. 2016ರ ಫೆಬ್ರುವರಿಯಲ್ಲಿ, ನ್ಯೂ ಹ್ಯಾಂಪ್‌ಷೈರ್‌ನ ಒಂದು ಸಭೆಯಲ್ಲಿ, ಜನ ಸುಮ್ಮನೆ ಕುಳಿತಿದ್ದಾಗ ಅವರು ಮೆಲುದನಿಯಲ್ಲಿ ‘ದಯವಿಟ್ಟು ಚಪ್ಪಾಳೆ ತಟ್ಟಿ’ ಎನ್ನುತ್ತಾರೆ. ನನ್ನ ಕರುಳು ಚುರುಕ್ಕೆಂದಿತು.

ತಂದೆ, ಅಣ್ಣ ಇಬ್ಬರೂ ಅಧ್ಯಕ್ಷರಾಗಿದ್ದವರು. ತಾವು ಎರಡು ಅವಧಿಗೆ ಫ್ಲಾರಿಡಾದ ಗವರ್ನರ್ ಆಗಿದ್ದವರು. ಬೆಂಬಲಿಗರ ಸೂಪರ್ ಪ್ಯಾಕ್ (ಅಭ್ಯರ್ಥಿಯ ಪರವಾಗಿ ಮಿತಿಯಿಲ್ಲದೆ ಹಣ ಕೂಡಿಸಬಲ್ಲ ಸಂಘಟನೆ) 2015ರ ಮೊದಲಾರ್ಧದಲ್ಲೇ 10 ಕೋಟಿ ಡಾಲರಿಗೂ ಹೆಚ್ಚು ಹಣ ಕೂಡಿಸಿತ್ತು. ಆದರೆ ಆ ಹಣವೂ ಮನೆತನದ ಹೆಸರೂ ಪಕ್ಷದ ದಾನಿಗಳನ್ನು ಒಲಿಸಿದವೇ ಹೊರತು, ಹಳಬರನ್ನೇ ಕಂಡು ಬೇಸತ್ತಿದ್ದ ಪ್ರೈಮರಿಯ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯ) ಮತದಾರರನ್ನಲ್ಲ. ಅಣ್ಣ ಆರಂಭಿಸಿದ ಇರಾಕ್ ಯುದ್ಧದ ಕುರಿತ ಒಂದೇ ಪ್ರಶ್ನೆಗೆ ನೇರ ಉತ್ತರ ಕೊಡಲು ಅವರಿಗೆ ಹಲವು ದಿನಗಳು ಬೇಕಾದದ್ದೇ ದೊಡ್ಡ ಪೆಟ್ಟೆಂದು ನನಗನಿಸುತ್ತದೆ. ಅಣ್ಣನೇ ಬಂದು ಪ್ರಚಾರ ಮಾಡಿದ ಸೌತ್ ಕ್ಯಾರೊಲಿನಾದಲ್ಲೂ ಅವರಿಗೆ ದೊರೆತದ್ದು ನಾಲ್ಕನೆಯ ಸ್ಥಾನ. ಅದೇ ರಾತ್ರಿ ಕಣದಿಂದ ಹಿಂದೆ ಸರಿದರು.