ಹಿನ್ನೀರಿನ ದಡದಲ್ಲಿ ಮೂರು ರಾತ್ರಿ, ಒಂದು ಬ್ಯಾಟರಿ

ಹೊರಡುವ ಹಿಂದಿನ ದಿನ ಭಾವ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು. "ಅಲ್ಲಿ ನನ್ನ ಮಿಷನ್ನು ನಡೆಯುತ್ತಾ?"

ಅವರಿಗೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದೆ. ರಾತ್ರಿ ಉಸಿರಿಗೆ ಗಾಳಿ ಒತ್ತಿ ಕೊಡುವ ಸಿಪ್ಯಾಪ್ ಮಿಷನ್ನಿನ ಮಾಸ್ಕ್ ಹಾಕಿಕೊಂಡೇ ಮಲಗಬೇಕು. ನಾವು ಹೋಗುತ್ತಿದ್ದ ಜಾಗದಲ್ಲಿ ಕರೆಂಟ್ ಹಾಗಿರಲಿ, ಕಂಬವೂ ಇಲ್ಲ. "ಧಾರಾಳವಾಗಿ ನಡೆಯುತ್ತೆ ಭಾವ, ಸಾವಿರ ವಾಟಿನ ಇನ್ವರ್ಟರ್ ತರ್ತಾ ಇದ್ದೀನಿ" ಎಂದೆ. ಆ ಸಾವಿರದ ಮೇಲೆ ನನಗೆ ಅಷ್ಟು ಭರವಸೆ.

ಹಿಂದೊಮ್ಮೆ ಕಾರಿನ ಬ್ಯಾಟರಿಯಿಂದಲೇ ರಾತ್ರಿಯಿಡೀ ದೀಪ, ಫ್ಯಾನು ಓಡಿಸಿ, ಬೆಳಿಗ್ಗೆ ಕಾರು ತಳ್ಳಿದ್ದೆ. ಆ ಬ್ಯಾಟರಿ ಇರುವುದೇ ಎಂಜಿನ್ ಶುರು ಮಾಡುವ ಎರಡು ಕ್ಷಣಕ್ಕೆ. ನಿಧಾನವಾಗಿ ಪೂರ್ತಿ ಹಿಂಡಿದರೆ ಅದು ಬೇಗ ಹಾಳಾಗುತ್ತೆ. ಹಾಗಾಗಿ ಈ ಸಲ ಬೇರೆಯೇ ಬ್ಯಾಟರಿ ತಂದಿದ್ದೆ. 12 ವೋಲ್ಟ್, 100 ಆಂಪಿಯರ್ ಅವರ್, ಲೆಡ್ ಆಸಿಡ್. ಡಿಕ್ಕಿಯಿಂದ ಇಳಿಸಲು ನಾನೂ ಭಾವನೂ ಒಂದೊಂದು ಕಡೆ ಹಿಡಿಯಬೇಕಾಯಿತು. ಜೊತೆಗೆ ಇನ್ವರ್ಟರು, ಮಡಚುವ 100 ವಾಟಿನ ಸೋಲಾರ್ ಪ್ಯಾನೆಲ್ಲು.

ಕೊನೆಯ ಆರು ಕಿಲೋಮೀಟರ್ ಕಲ್ಲು ದಾರಿ. ಮುಟ್ಟಿದಾಗ ಸಂಜೆ. ಹಿನ್ನೀರು ಅಲುಗಾಡದೆ ಬಿದ್ದಿತ್ತು. ನೀರೊಳಗೆ ನಿಂತ ಒಣ ಮರಗಳ ಮೇಲೆ ನೀರುಕಾಗೆಗಳು ರೆಕ್ಕೆ ಹರಡಿಕೊಂಡು ಕೂತಿದ್ದವು. ಅದನ್ನೆಲ್ಲ ನೋಡುವ ವ್ಯವಧಾನ ನನಗೆಲ್ಲಿ? ವೈರ್ ಬಿಚ್ಚುತ್ತಾ ಕೂತಿದ್ದೆ.

ಟೆಂಟ್ ಹಾಕಿ ಮುಗಿಯುವಷ್ಟರಲ್ಲಿ ಅಕ್ಕ ಕೆಟಲ್ ಹೊರಗೆ ತೆಗೆದಳು. ತಳ ನೋಡಿದೆ, 800 ವಾಟ್. ಸಾವಿರದೊಳಗೇ ಇದೆಯಲ್ಲ ಅಂತ ಸ್ವಿಚ್ ಒತ್ತಿದೆ. ಇನ್ವರ್ಟರಿನ ಫ್ಯಾನ್ ಭರ್ರೆಂದಿತು. ಅರ್ಧ ನಿಮಿಷ ಆಗಿರಬೇಕು, ಬೀಪ್ ಬೀಪ್ ಬೀಪ್, ಬಂದ್. ಬ್ಯಾಟರಿ ಖಾಲಿ ಅನ್ನುವ ದೀಪ ಹತ್ತಿತು. ಖಾಲಿ ಹೇಗೆ? ಮಧ್ಯಾಹ್ನವಷ್ಟೇ ತುಂಬಿಸಿ ತಂದಿದ್ದೆ!

ಮೀಟರ್ ಹಿಡಿದೆ. ಸುಮ್ನೆ ಇದ್ದಾಗ ಬ್ಯಾಟರಿ 12.6 ವೋಲ್ಟ್ ತೋರಿಸಿತು, ಅಂದರೆ ತುಂಬಿಯೇ ಇದೆ. ಮತ್ತೆ ಕೆಟಲ್ ಹಾಕಿದೆ. ಬ್ಯಾಟರಿಯ ತುದಿಯಲ್ಲಿ 11.6, ಇನ್ವರ್ಟರಿನ ತುದಿಯಲ್ಲಿ 10.4. ನನ್ನ ಇನ್ವರ್ಟರ್ 11ಕ್ಕೆ ಕೂಗುತ್ತೆ, 10.5ಕ್ಕೆ ನಿಲ್ಲುತ್ತೆ. ನಡುವೆ ಒಂದೂಕಾಲು ವೋಲ್ಟಿನಷ್ಟು ಎಲ್ಲಿ ಹೋಯಿತು ಅಂತ ವೈರ್ ಮುಟ್ಟಿದೆ. ಬಿಸಿ! ಟೆಂಟಿನೊಳಗೇ ಪ್ಲಗ್ ಸಿಗಲಿ ಅಂತ ನಾನೇ ಮನೆಯಲ್ಲಿ ಬ್ಯಾಟರಿ ವೈರನ್ನು ಎರಡೂವರೆ ಮೀಟರ್ ಉದ್ದ ಮಾಡಿದ್ದೆ. ಅದೂ 6 ಚದರ ಮಿಲಿಮೀಟರಿನ ವೈರಿನಲ್ಲಿ.

ಲೆಕ್ಕ ಸರಳ. 800 ವಾಟನ್ನು 12 ವೋಲ್ಟಿನಿಂದ ಎಳೆಯಬೇಕಾದರೆ ಇನ್ವರ್ಟರ್ ತಿನ್ನುವುದೂ ಸೇರಿ ಸುಮಾರು 80 ಆಂಪಿಯರ್ ಹರಿಯಬೇಕು. ಆ ತೆಳ್ಳನೆ ವೈರಿನಲ್ಲಿ 80 ಆಂಪಿಯರ್ ಹರಿದರೆ ಹತ್ತಿರ ಹತ್ತಿರ ನೂರು ವಾಟ್ ವೈರಿನಲ್ಲೇ ಶಾಖವಾಗಿ ಹೋಗುತ್ತೆ. ನೀರಿನ ಜೊತೆ ವೈರನ್ನೂ ಕಾಯಿಸುತ್ತಿದ್ದೆ ನಾನು. ಫ್ಯೂಸ್ ಏನೋ ಇತ್ತು, 125 ಆಂಪಿಯರಿನದು. ಅದನ್ನು ಕಂಪನಿಯವರು ಕೊಟ್ಟ ದಪ್ಪ ವೈರಿಗೆ ತಕ್ಕಂತೆ ಹಾಕಿದ್ದು. ನನ್ನ ವೈರ್ ಕರಗಿ ಹೋಗಿದ್ದರೂ ಅದು ಕದಲುತ್ತಿರಲಿಲ್ಲ. ಈಗ ನೆನೆಸಿಕೊಂಡರೂ ಕೈ ತಣ್ಣಗಾಗುತ್ತೆ. ಟೆಂಟಿನ ಬಟ್ಟೆಗೆ ತಾಗಿಕೊಂಡೇ ಹೋಗಿತ್ತು ಆ ವೈರ್.

ಕತ್ತಲಾಗಿತ್ತು. ನಾಳೆ ಸರಿ ಮಾಡೋಣ, ಕೆಟಲ್ ಬೇಡ ಅಂದೆ. ಅಕ್ಕ ಏನೂ ಹೇಳದೆ ಗ್ಯಾಸ್ ಒಲೆ ಹಚ್ಚಿದಳು. ಅಕ್ಕನ ಮಗಳು ಪುಟ್ಟಿಗೆ ಟೆಂಟಿನ ಗೋಡೆಯ ಮೇಲೆ ಕಾರ್ಟೂನ್ ಬೇಕಿತ್ತು, ಪ್ರೊಜೆಕ್ಟರ್ ಎರಡು ಗಂಟೆ ಓಡಿತು. ನನ್ನ ಲ್ಯಾಪ್‌ಟಾಪ್ ಚಾರ್ಜಾಯಿತು. ಹತ್ತೂವರೆಗೆ ಭಾವ ಮಾಸ್ಕ್ ಹಾಕಿಕೊಂಡು ಮಲಗಿದರು. ಚಳಿ ಇತ್ತು. ಗಾಳಿಗೆ ಬೆಚ್ಚನೆಯ ತೇವ ಸೇರಿಸುವ ಹ್ಯೂಮಿಡಿಫೈಯರ್ ಕೂಡ ಆನ್ ಆಗಿತ್ತು.

ನಾಲ್ಕು ಗಂಟೆಗೆ ಮತ್ತೆ ಅದೇ ಬೀಪ್. ಎದ್ದು ಹೊರಗೆ ಬಂದರೆ ಭಾವ ಆಗಲೇ ಮಾಸ್ಕ್ ತೆಗೆದು, ಹೊದಿಕೆ ಸುತ್ತಿಕೊಂಡು ನೀರಿನ ಹತ್ತಿರ ಕೂತಿದ್ದರು. "ಬೆಳಗಾಗುತ್ತೆ ಬಿಡು" ಎಂದರು. ಅದರ ಬದಲು ಬೈದಿದ್ದರೆ ವಾಸಿಯಿತ್ತು.

ಬೆಳಕು ಬಂದ ಮೇಲೆ ಒಂದು ರಟ್ಟಿನ ತುಂಡು ಹಿಡಿದು ಕೂತೆ. 100 ಆಂಪಿಯರ್ ಅವರ್ ಅನ್ನು 12 ವೋಲ್ಟಿನಿಂದ ಗುಣಿಸಿದರೆ 1200 ವಾಟ್ ಅವರ್, ಅಂದರೆ ನೂರು ವಾಟಿನದೊಂದು ಹನ್ನೆರಡು ಗಂಟೆ ಓಡುವಷ್ಟು. ಲೆಡ್ ಆಸಿಡ್ ಬ್ಯಾಟರಿ ಬಾಳಿಕೆ ಬರಬೇಕಾದರೆ ಅದರಲ್ಲಿ ಅರ್ಧ ಮುಟ್ಟಬಾರದು. ಉಳಿದದ್ದು 600. ನನ್ನದು ಎರಡು ವರ್ಷ ಹಳೆಯದು, ಮೇಲೆ ಚಳಿ, ಅಂದರೆ ಅಷ್ಟೂ ಇಲ್ಲ. ಲಿಥಿಯಂ ಆಗಿದ್ದರೆ ಇದೇ ಅಳತೆಯಲ್ಲಿ ಹೆಚ್ಚುಕಡಿಮೆ ಪೂರ್ತಿ ಬಳಸಬಹುದಿತ್ತು, ಎತ್ತಲೂ ಹಗುರ. ನಮ್ಮ ಹತ್ತಿರ ಇರಲಿಲ್ಲ, ಅಷ್ಟೇ. ಇನ್ವರ್ಟರಿನ ಮೇಲೆ ಬರೆದ ಸಾವಿರ ಬರೀ ಬಾಗಿಲಿನ ಅಗಲ. ಒಳಗೆ ಎಷ್ಟು ದಾಸ್ತಾನಿದೆ ಅಂತ ಅದು ಹೇಳುವುದೇ ಇಲ್ಲ. ನಾನು ಮನೆಯಿಂದ ಹೊರಡುವಾಗ ಬಾಗಿಲನ್ನಷ್ಟೇ ನೋಡಿದ್ದೆ.

ಪುಟ್ಟಿಗೆ ಕ್ಲಾಂಪ್ ಮೀಟರ್ ಕೊಟ್ಟೆ. ವೈರಿನ ಸುತ್ತ ಚಿಮಟದ ಹಾಗೆ ಹಿಡಿದರೆ ಎಷ್ಟು ಆಂಪಿಯರ್ ಹರಿಯುತ್ತಿದೆ ಅಂತ ಹೇಳುತ್ತೆ. ಅವಳಿಗೆ ಅದು ಆಟ. ಐದು ನಿಮಿಷಕ್ಕೆ ಓಡಿ ಬಂದಳು.

"ಮಾಮ, ಇದಕ್ಕೆ ಏನೂ ಹಾಕಿಲ್ಲ. ಆದ್ರೂ ಒಂದು ತೋರಿಸ್ತಾ ಇದೆ."

ನಿಜ. ಇನ್ವರ್ಟರ್ ಸುಮ್ಮನೆ ಆನ್ ಆಗಿದ್ದರೂ ಒಂದು ಆಂಪಿಯರ್ ಕುಡಿಯುತ್ತಿತ್ತು. ರಾತ್ರಿ ಹತ್ತು ಗಂಟೆಗೆ ಹತ್ತು ಆಂಪಿಯರ್ ಅವರ್. ಯಾರಿಗೂ ಉಪಯೋಗವಿಲ್ಲದೆ. ಅವಳು ರಟ್ಟಿನ ಮೇಲೆ ದೊಡ್ಡದಾಗಿ "ಸುಮ್ನೆ: 1" ಅಂತ ಬರೆದಳು. ಅದರ ಕೆಳಗೆ ಭಾವನ ಮಿಷನ್ನು. ಹ್ಯೂಮಿಡಿಫೈಯರ್ ಹೀಟರ್ ಹತ್ತಿದಾಗ 7ರ ಮೇಲೆ, ಆರಿದಾಗ 2ರ ಸುಮಾರು.

"ಇದಕ್ಕೆ ಕಾರಿನಲ್ಲಿ ಹಾಕೋ ವೈರ್ ಒಂದು ಇದೆಯಪ್ಪ" ಎಂದರು ಭಾವ, ಬ್ಯಾಗಿನ ತಳದಿಂದ ಪ್ಯಾಕು ಒಡೆಯದ ಪೊಟ್ಟಣ ತೆಗೆಯುತ್ತಾ. ನೋಡಿದರೆ 12 ವೋಲ್ಟನ್ನು ನೇರವಾಗಿ 24 ಮಾಡುವ ಕನ್ವರ್ಟರು. ಮಿಷನ್ನಿಗೆ ಒಳಗೆ ಬೇಕಾದದ್ದೂ ಅದೇ 24. ನಾನು ರಾತ್ರಿಯಿಡೀ ಬ್ಯಾಟರಿಯ 12ರ ಡಿಸಿಯನ್ನು ಮನೆಯ ಕರೆಂಟಿನ ಹಾಗೆ 230ರ ಎಸಿ ಮಾಡಿ, ಮಿಷನ್ನಿನ ಅಡಾಪ್ಟರು ಅದನ್ನು ಮತ್ತೆ ಡಿಸಿ ಮಾಡಿ, ಎರಡು ಕಡೆಯೂ ಸುಂಕ ಕಟ್ಟಿದ್ದೆ. "ನಿನ್ನೆಯೇ ಹೇಳಬಾರದಿತ್ತಾ ಭಾವ?" ಅಂದರೆ, "ನೀನು ಸಾವಿರ ವಾಟ್ ಅಂದೆಯಲ್ಲ" ಎಂದರು.

ಚಾರ್ಜ್ ಮಾಡುವುದೇ ಆ ದಿನದ ಕೆಲಸವಾಯಿತು. ಪ್ಯಾನೆಲ್ ಬಿಡಿಸಿ ಬಯಲಿನಲ್ಲಿಟ್ಟೆ, 5 ಆಂಪಿಯರ್ ಬಂತು. ಖುಷಿಯಾಗಿ ಈಜಲು ಹೋದೆ. ವಾಪಸ್ ಬಂದರೆ 1. ಒಂದು ಕೊಂಬೆಯ ನೆರಳು ಪ್ಯಾನೆಲ್ಲಿನ ಮೂಲೆಗೆ ಬಿದ್ದಿತ್ತು, ಅಂಗೈಯಷ್ಟು. ಒಳಗಿನ ಸೆಲ್‌ಗಳು ಸರಪಳಿಯ ಹಾಗೆ ಒಂದಕ್ಕೊಂದು ಜೋಡಿಸಿರುತ್ತವೆ. ಒಂದು ನೆರಳಿಗೆ ಸಿಕ್ಕರೆ ಸಾಲಿನ ಉಳಿದವೂ ತಡೆದು ನಿಲ್ಲುತ್ತವೆ. ಮೂಲೆ ಅಂತ ಬಿಡುವ ಹಾಗಿಲ್ಲ. ಆಮೇಲೆ ಗಂಟೆಗೊಮ್ಮೆ ಎದ್ದು ಸೂರ್ಯನ ಕಡೆ ತಿರುಗಿಸುವ ಕೆಲಸ ಪುಟ್ಟಿಯದಾಯಿತು. ಮಧ್ಯಾಹ್ನ ಕುಡಿಯುವ ನೀರು ತರಲು ಕಾರಿನಲ್ಲಿ ಹೋಗಿ ಬಂದೆವು, ಒಂದೂವರೆ ಗಂಟೆ. ಬ್ಯಾಟರಿ ಹಿಂದೆಯೇ ಇತ್ತು. ಕಾರಿನಿಂದ 20 ಆಂಪಿಯರಿನ ಚಾರ್ಜರ್ ಅದಕ್ಕೆ ತುಂಬುತ್ತಿತ್ತು. ದಿನವೆಲ್ಲ ಬಿಸಿಲಿನಲ್ಲಿ ಕೂತು ಪ್ಯಾನೆಲ್ ಕೊಟ್ಟದ್ದಕ್ಕಿಂತ ಆ ಒಂದೂವರೆ ಗಂಟೆ ಕೊಟ್ಟದ್ದೇ ಜಾಸ್ತಿ.

ಉದ್ದ ಮಾಡಿದ ವೈರನ್ನು ಕಿತ್ತು, ದಪ್ಪನೆಯ ಗಿಡ್ಡ ವೈರ್ ಹಾಕಿ, ಇನ್ವರ್ಟರನ್ನು ಟೆಂಟಿನ ಹೊರಗೆ ಬ್ಯಾಟರಿಯ ಪಕ್ಕದಲ್ಲೇ, ಗಾಳಿ ಆಡುವ ಹಾಗೆ, ಕೊಡೆಯ ಕೆಳಗಿಟ್ಟೆ. ದೂರಕ್ಕೆ ಬೇಕಾದರೆ 230 ವೋಲ್ಟಿನ ಕಡೆಯಿಂದ ಎಕ್ಸ್‌ಟೆನ್ಷನ್ ಎಳೆದರಾಯಿತು. ಆ ಕಡೆ ಕೆಟಲಿಗೆ ಹರಿಯುವುದು ಮೂರೂವರೆ ಆಂಪಿಯರ್ ಮಾತ್ರ.

ಬಿಡಿಯಾಗಿ ತಂದಿದ್ದ ಹಳೆಯ 300 ವಾಟಿನ ಇನ್ವರ್ಟರಿಗೆ ಸಣ್ಣ ಫ್ಯಾನ್ ಹಾಕಿ ನೋಡಿದೆ. ಗುಂಯ್ ಅಂತ ಜೀರುಂಡೆಯ ಹಾಗೆ ಸದ್ದು, ಮೋಟಾರು ಬೇಗ ಬೆಚ್ಚಗಾಯಿತು. ಅದು ಮಾಡಿಫೈಡ್ ಸೈನ್ ವೇವ್. ಅಲೆ ನುಣ್ಣಗೆ ಏರಿಳಿಯದೆ ಮೆಟ್ಟಿಲು ಹತ್ತಿ ಇಳಿಯುತ್ತೆ, ಮೋಟಾರುಗಳಿಗೆ ಅದು ಆಗಿ ಬರುವುದಿಲ್ಲ. ದೀಪಕ್ಕೆ ಪರವಾಗಿಲ್ಲ. ಭಾವನ ಮಿಷನ್ನಿಗೆ ಮಾತ್ರ ಅದನ್ನು ನಾನು ಖಂಡಿತ ಹಾಕುವುದಿಲ್ಲ. ಅಕ್ಕ "ಸೊಳ್ಳೆಯೇ ವಾಸಿ" ಎಂದಳು, ಫ್ಯಾನು ಆರಿತು.

ಎರಡನೇ ರಾತ್ರಿ ಇನ್ವರ್ಟರ್ ಆಫ್. ಭಾವನ ಮಿಷನ್ನು ನೇರ ಬ್ಯಾಟರಿಯಿಂದ, ಹ್ಯೂಮಿಡಿಫೈಯರ್ ಇಲ್ಲದೆ. ಪುಟ್ಟಿ ಮಲಗುವ ಮುಂಚೆ ಚಿಮಟ ಹಿಡಿದು ಓದಿದಳು: 1. ಎಂಟು ಗಂಟೆಗೆ ಎಂಟು. ನನಗೆ ನಂಬಿಕೆ ಬರದೆ ಎರಡು ಸಲ ಎದ್ದು ನೋಡಿದೆ. ಟೆಂಟಿನೊಳಗಿಂದ ಮಾಸ್ಕಿನ ಸಣ್ಣ ಸುಯ್ ಶಬ್ದ ಒಂದೇ ಲಯದಲ್ಲಿ ಬರುತ್ತಿತ್ತು. ಬೆಳಿಗ್ಗೆ ಭಾವ ಗಂಟಲು ಒಣಗಿದೆ ಅಂದರು, ಆದರೆ ಏಳು ಗಂಟೆಯವರೆಗೆ ಮಲಗಿದ್ದರು. ಮೂರನೇ ರಾತ್ರಿಯೂ ಹಾಗೇ ಕಳೆಯಿತು. ಪ್ರೊಜೆಕ್ಟರ್ ಯಾರೂ ಕೇಳಲಿಲ್ಲ. ಲ್ಯಾಪ್‌ಟಾಪನ್ನೂ ಕಾರಿನ ಚಾರ್ಜರಿನಿಂದಲೇ ತುಂಬಿಸಿದೆ. ನೀರುಕಾಗೆಗಳನ್ನು ನೋಡಲು ಕೊನೆಗೂ ಪುರುಸೊತ್ತಾಯಿತು.

ಹೊರಡುವ ಬೆಳಿಗ್ಗೆ ಬ್ಯಾಟರಿ 12.4 ತೋರಿಸುತ್ತಿತ್ತು. "ಈಗ ಹಾಕು ನಿನ್ನ ಕೆಟಲ್" ಎಂದೆ ಅಕ್ಕನಿಗೆ. ಒಂದು ಲೀಟರ್ ನೀರು ಕುದಿಯಲು ಬೇಕಾದದ್ದು ಹೇಗೂ ಸುಮಾರು 100 ವಾಟ್ ಅವರ್. ಮೊದಲ ದಿನ ತೊಂದರೆಯಾದದ್ದು ಅಷ್ಟನ್ನು ಒಂದೇ ಉಸಿರಿಗೆ, ಆ ವೈರಿನಲ್ಲಿ ಎಳೆದದ್ದಕ್ಕೆ. ಸ್ವಿಚ್ ಒತ್ತಿದೆ. ಫ್ಯಾನ್ ಭರ್ರೆಂದಿತು. ಇನ್ವರ್ಟರಿನ ತುದಿಯಲ್ಲಿ 11.3. ಬೀಪ್ ಇಲ್ಲ. ವೈರ್ ಮುಟ್ಟಿದೆ, ತಣ್ಣಗಿತ್ತು. ನಾನು ಮೀಟರನ್ನೇ ನೋಡುತ್ತಾ ನಿಂತೆ, ಪುಟ್ಟಿ ಫೋನಿನಲ್ಲಿ ಸಮಯ ನೋಡುತ್ತಾ ನಿಂತಳು. ನೀರು ಕೊತಕೊತ ಅಂತು, ಕೆಟಲ್ ತಾನೇ ಟಕ್ ಅಂತ ಆರಿತು.

"ಎಂಟೂವರೆ ನಿಮಿಷ!" ಅಂತ ಕೂಗಿ ಪುಟ್ಟಿ ರಟ್ಟಿನ ಮೇಲೆ ಬರೆದುಕೊಂಡಳು.

ಹಿಂದೆ ತಿರುಗಿ ನೋಡಿದರೆ ಭಾವ ಗ್ಯಾಸ್ ಒಲೆಯಿಂದ ಎರಡನೇ ಪಾತ್ರೆ ಇಳಿಸುತ್ತಿದ್ದರು.