ಬೂದಿ ಕಾವಿಗೆ ಕೂತಿರಲಿಲ್ಲ

14 ಜೂನ್ 2025, ಶನಿವಾರ, ರಾತ್ರಿ 9.30

ಇವತ್ತು ನನ್ನ ಮೇಲೇ ನನಗೆ ಸಿಟ್ಟು. ನಿನ್ನೆ ಮಧ್ಯಾಹ್ನದಿಂದ ನಮ್ಮ ಹೇಂಟೆ ಬೂದಿ ಮೊಟ್ಟೆ ಇಡೋ ಪೆಟ್ಟಿಗೆ ಬಿಟ್ಟು ಏಳ್ತಿರಲಿಲ್ಲ, ಪುಕ್ಕ ಉಬ್ಬಿಸ್ಕೊಂಡು ಕೂತಿದ್ಲು, ಕಾಳು ಎರಚಿದ್ರೂ ಓಡಿ ಬರಲಿಲ್ಲ, ನಾನು ಓಹೋ ಕಾವಿಗೆ ಕೂತ್ಲು ಅಂದ್ಕೊಂಡು ನನ್ನ ಪಾಡಿಗೆ ನಾನಿದ್ದೆ.

ಬೆಳಗ್ಗೆ ಪೆಟ್ಟಿಗೆಗೆ ಕೈ ಹಾಕಿದ್ದು ತಂಗಿ. "ಅಕ್ಕಾ, ಇವಳು ಕುಕ್ಕಲೇ ಇಲ್ವಲ್ಲೇ" ಅಂದ್ಲು. ಆಗ ಎದೆ ಧಸಕ್ ಅಂತು. ಕಾವಿಗೆ ಕೂತ ಹೇಂಟೆ ಹತ್ರ ಕೈ ಒಯ್ದು ನೋಡಿ, ಗುರ್ ಅಂತ ಮೈ ದೊಡ್ಡದು ಮಾಡಿ ಬೆರಳು ಕಿತ್ತು ಹಾಕೋ ಹಾಗೆ ಕುಕ್ಕುತ್ತೆ. ಇವಳು ಅರ್ಧ ಕಣ್ಣು ಮುಚ್ಕೊಂಡು ಎತ್ತಿದ ಹಾಗೆ ಎತ್ತಿಸ್ಕೊಂಡ್ಲು. ಕೋಳಿ ಹುಷಾರಿಲ್ಲ ಅಂತ ತೋರಿಸ್ಕೊಳ್ಳಲ್ಲ, ತೋರಿಸಿದ್ರೆ ಮಿಕ್ಕವು ಸೇರಿ ಕುಕ್ಕಿ ಮೂಲೆಗೆ ತಳ್ಳುತ್ವೆ, ಹಾಗಾಗಿ ನಮ್ಮ ಕಣ್ಣಿಗೆ ಬೀಳೋ ಹೊತ್ತಿಗೆ ಅದು ಆಗಲೇ ಸುಮಾರು ಹೊತ್ತು ನರಳಿರುತ್ತೆ. ಗೊತ್ತಿದ್ದೂ ಗೊತ್ತಿದ್ದೂ ಹೀಗ್ ಮಾಡ್ಕೊಂಡೆ.

ಅಂಗಳಕ್ಕೆ ತಂದು ಬಿಟ್ರೆ ಬಾಲ ಕೆಳಗೆ, ಮೈ ನೆಟ್ಟಗೆ, ಕಾಲು ಅಗಲ ಮಾಡ್ಕೊಂಡು ನಿಂತ್ಲು. ಉಸಿರು ಎಳೆದಾಗೆಲ್ಲ ಬಾಲ ಮೇಲೆ ಕೆಳಗೆ ಆಡ್ತಿತ್ತು, ಏನನ್ನೋ ಹೊರಗೆ ತಳ್ಳೋಕೆ ತಿಣುಕ್ತಿರೋ ಥರ. ಜುಟ್ಟು ಬಿಳಿಚಿತ್ತು. ಕತ್ತಿನ ಬುಡದ ಕಾಳಿನ ಚೀಲ ಮುಟ್ಟಿದೆ, ಖಾಲಿ. ಬೆಳಗ್ಗೆ ಅದು ಖಾಲಿ ಇರಬೇಕು ನಿಜ, ಆದ್ರೆ ಮೇವು ಮುಂದಿಟ್ಟು ಗಂಟೆ ಕಳೆದ್ರೂ ಖಾಲಿನೇ. ಮೊಟ್ಟೆ ಬರೋ ಜಾಗದ ಕೆಳಗೆ ಅಂಗೈ ಇಟ್ಟು ನೋಡಿದ್ರೆ ಗುಂಡಗೆ ಗಟ್ಟಿಯಾಗಿ ಸಿಕ್ತು. ಮೊಟ್ಟೆ ಸಿಕ್ಕಾಕ್ಕೊಂಡಿದೆ.

ಡಾಕ್ಟರ್‌ಗೆ ಫೋನ್ ಮಾಡ್ದೆ. ಅವರು ಮೊದಲು ಹೇಳಿದ್ದೇ, "ಒತ್ತಿ ತೆಗೆಯೋಕೆ ಹೋಗ್ಬೇಡಿ, ಒಳಗೇ ಒಡೆದ್ರೆ ಸೋಂಕಾಗುತ್ತೆ." ಕ್ಯಾಲ್ಸಿಯಂ ಎಷ್ಟು ಕೊಡಬೇಕು ಅಂತ ಹೇಳಿ, ರಾತ್ರಿಯೊಳಗೆ ಬರದಿದ್ರೆ ಕರ್ಕೊಂಡು ಬನ್ನಿ ಅಂದ್ರು. ಟಬ್‌ನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಅವಳ ಹೊಟ್ಟೆ ಮುಳುಗೋ ಹಾಗೆ ಕೂರಿಸಿ ಇಪ್ಪತ್ತು ನಿಮಿಷ ಹಿಡ್ಕೊಂಡಿದ್ದೆ. ಮೊದಲು ಒದ್ದಾಡಿದ್ಲು, ಆಮೇಲೆ ಪುಕ್ಕ ನೀರಲ್ಲಿ ಹರಡಿಕೊಂಡು, ಕೊಕ್ಕು ನನ್ನ ಮಣಿಕಟ್ಟಿನ ಮೇಲೆ ಇಟ್ಟು ತೂಕಡಿಸಿದ್ಲು. ಒರೆಸಿ, ಚೆನ್ನಾಗಿ ಒಣಗಿಸಿ, ಕತ್ತಲೆ ಮೂಲೆಲಿ ರಟ್ಟಿನ ಡಬ್ಬದಲ್ಲಿ ಇಟ್ಟೆ. ಮಧ್ಯಾಹ್ನ ಇನ್ನೊಂದ್ ಸಲ ಅದೇ. ಹತ್ತು ನಿಮಿಷಕ್ಕೊಮ್ಮೆ ಇಣುಕ್ತಿದ್ದೆ, ತಂಗಿ ಬೈದು ಕಳಿಸಿದ್ಲು.

ಸಂಜೆ ಐದೂಮುಕ್ಕಾಲಿಗೆ ಬಂತು. ಸಿಪ್ಪೆ ಕಾಗದದ ಥರ ತೆಳ್ಳಗೆ, ಒಂದು ಕಡೆ ಸುಕ್ಕು, ಹೆಬ್ಬೆರಳು ಇಟ್ರೆ ಗುಳಿ ಬೀಳ್ತಿತ್ತು. ಹಿಂದೆಯೇ ಒಂದು ರಾಶಿ ಹಿಕ್ಕೆ, ಪಾಪ ಅದನ್ನೂ ತಡೆದಿಟ್ಕೊಂಡಿತ್ತು. ಆಮೇಲೆ ಕೊಕ್ಕು ಎತ್ತಿ ಎತ್ತಿ ಎಷ್ಟು ಹೊತ್ತು ನೀರು ಕುಡಿದ್ಲೋ.

ಇದು ನಂದೇ ತಪ್ಪಿರಬೇಕು. ಒಂದು ಮೊಟ್ಟೆ ತಯಾರಾಗೋಕೆ ಸುಮಾರು 25 ಗಂಟೆ, ಅದ್ರಲ್ಲಿ 20 ಗಂಟೆ ಬರೀ ಸಿಪ್ಪೆ ಕೆಲಸ, ಒಂದು ಸಿಪ್ಪೆಗೆ ಹೆಚ್ಚುಕಮ್ಮಿ 2 ಗ್ರಾಂ ಕ್ಯಾಲ್ಸಿಯಂ ಬೇಕು. ಮೊಟ್ಟೆನ ಹೊರಗೆ ತಳ್ಳೋ ಸ್ನಾಯು ಬಿಗಿಯೋಕೂ ಅದೇ ಕ್ಯಾಲ್ಸಿಯಂ ಬೇಕು, ಕಮ್ಮಿಯಾದ್ರೆ ಸಿಪ್ಪೆನೂ ತೆಳು, ತಳ್ಳೋ ಶಕ್ತಿನೂ ಇಲ್ಲ. ನಾನು ಮುದ್ದಿಗೆ ಅಂತ ಕಾಳು, ಅಡುಗೆಮನೆಲಿ ಮಿಕ್ಕಿದ್ದು ಎಲ್ಲ ಹಾಕಿ ಹಾಕಿ, ಲೇಯರ್ ಫೀಡ್, ಅಂದ್ರೆ ಮೊಟ್ಟೆ ಇಡೋ ಕೋಳಿಗಂತಲೇ ಮಾಡಿರೋ ಮೇವು, ತಿನ್ನೋಕೆ ಅವಕ್ಕೆ ಹೊಟ್ಟೆಲಿ ಜಾಗಾನೇ ಬಿಟ್ಟಿರಲಿಲ್ಲ. ನಾಳೆಯಿಂದ ಫೀಡ್ ಮೊದಲು, ಪಕ್ಕದಲ್ಲಿ ಬೇರೆ ಬಟ್ಟಲಲ್ಲಿ ಕಪ್ಪೆಚಿಪ್ಪಿನ ಪುಡಿ, ಬೇಕಾದಷ್ಟು ತಿನ್ಲಿ.

ಈಗ ಟಾರ್ಚ್ ಹಿಡ್ಕೊಂಡು ಮಿಕ್ಕ ನಾಲ್ಕನ್ನೂ ಒಂದೊಂದೇ ಎತ್ತಿ ನೋಡ್ದೆ. ಕಾಳಿನ ಚೀಲ ತುಂಬಿದೆ, ಉಸಿರಲ್ಲಿ ಗೊರಗೊರ ಇಲ್ಲ, ಮುಖ ಊದಿಲ್ಲ, ಜುಟ್ಟು ನೀಲಿಗಟ್ಟಿಲ್ಲ. ಒಟ್ಟಿಗೆ ಎರಡು ಮೂರಕ್ಕೆ ಹಾಗಾಗಿದ್ರೆ ಟಬ್ಬೂ ಇಲ್ಲ ಡಬ್ಬಾನೂ ಇಲ್ಲ, ಒಂದರಿಂದ ಒಂದಕ್ಕೆ ಹರಡೋ ಕೊಕ್ಕರೆ ರೋಗವೋ ಹಕ್ಕಿಜ್ವರವೋ ಅಂತ ಸೀದಾ ಪಶು ಇಲಾಖೆಗೆ ಫೋನ್ ಮಾಡ್ಬೇಕಿತ್ತು.

ಮಲಗೋ ಮುಂಚೆ ಬೂದಿ ಡಬ್ಬದಿಂದ ನೀರಿನ ಬಟ್ಟಲು ತೆಗೆಯೋಕೆ ಕೈ ಹಾಕಿದೆ. ಬೆರಳಿಗೆ ಸರಿಯಾಗಿ ಕುಕ್ಕಿದ್ಲು. ಇನ್ನೂ ಉರೀತಿದೆ.