ಅಷ್ಟೂರಿಗೆ ಹೋಗೋದಾದ್ರ ಟಾರ್ಚ್ ಇರಲಿ

ಬೆಳಿಗ್ಗೆ ಗೆಳೆಯನ ಮೆಸೇಜು: "ಒಂದೇ ದಿನ ರಜಾ ಅದ, ದೂರ ಹೋಗ್ಲಾಕ ಆಗಲ್ಲ. ಎಲ್ಲಿ ಹೋಗಲಿ?"

ಅಷ್ಟೂರಿಗೆ ಹೋಗಪ್ಪ. ಬಹಮನಿ ಸುಲ್ತಾನರ ಗೋರಿಗಳಿರೋ ಊರು, ಬೀದರಿನಿಂದ 3 ಕಿಲೋಮೀಟರ್ ಅಷ್ಟೇ.

ಸುಲ್ತಾನ ಅಹ್ಮದ್ ಶಾ ವಲಿ ಗುಮ್ಮಟದೊಳಗ ಹೋದವರು ಭಾಳ ಮಂದಿ ಎರಡೇ ನಿಮಿಷಕ್ಕ ಹೊರಗ ಬರ್ತಾರ, "ಏನೂ ಕಾಣಲ್ಲ" ಅಂತ. ಬಿಸಿಲಿನಿಂದ ಬಂದ ಕಣ್ಣಿಗಿ ಕತ್ತಲಿ ಹೊಂದಲಾಕ 10 ನಿಮಿಷರೇ ಬೇಕು. ಸುಮ್ಮನ ಕೂಡ್ರಿ. ಆಮ್ಯಾಲ ಟಾರ್ಚ್ ನೆಟ್ಟಗ ಅಲ್ಲ, ಓರೆಯಾಗಿ ಹಿಡೀರಿ. ಗಾಢ ಬಣ್ಣದ ಮ್ಯಾಲ ಬಂಗಾರದ ಅಕ್ಷರ ಒಂದೊಂದೇ ಎದ್ದು ಬರ್ತಾವ. ಸುಲ್ತಾನ ತೀರಿಕೊಂಡಿದ್ದು 1436ರಾಗ; ಬಣ್ಣ ಇನ್ನೂ ಅದ!

ಫ್ಲ್ಯಾಶ್ ಮಾತ್ರ ಬ್ಯಾಡ.

ಅಲ್ಲೇ ಬಹಮನಿ ಸುಲ್ತಾನ ಹುಮಾಯೂನನ ಗುಮ್ಮಟ, ಅರ್ಧ ಬಿದ್ದದ. ಸಿಡಿಲು ಬಡೀತು ಅಂತಾರ. ಗೋಡಿ ಎಷ್ಟು ದಪ್ಪ, ಗುಮ್ಮಟ ಹೆಂಗ ಬಾಗಿಸ್ಯಾರ, ಎಲ್ಲಾ ಸೀಳಿಟ್ಟಂಗ ಕಾಣ್ತದ. ಕಟ್ಟಡ ತಿಳ್ಕೊಳ್ಳಲಾಕ ಪೂರ್ತಿ ಇರೋದಕ್ಕಿಂತ ಇದೇ ಚಲೋ.

ಬೆಳಿಗ್ಗೇನೇ ಹೊರಡ್ರಿ. ಮಧ್ಯಾಹ್ನ ಬರಿಗಾಲು ಕಲ್ಲಿನ ಮ್ಯಾಲ ಇಡಲಾಕ ಆಗಲ್ಲ. ನೀರು ಮನಿಯಿಂದೇ ಒಯ್ರಿ.

ದಾರ್ಯಾಗ ಚೌಖಂಡಿ ಅನ್ನೋ ಗೋರಿ ಸಿಗ್ತದ, ಎಂಟು ಮೂಲಿ ಕಟ್ಟಡ. ಬಾಗಿಲ ಸುತ್ತ ಕರಿಗಲ್ಲಿನ ಕೆತ್ತನಿ ಅದ, ಗಾಡಿ ನಿಲ್ಲಿಸದೆ ಮುಂದ ಹೋಗಬ್ಯಾಡ್ರಿ.